ತಲೆ ಮಾತ್ರ ಕಾಣುವ ಇರುವೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಇರುವೆಯ ಕುರಿತಾದವೇ ಹೆಚ್ಚು. ಕಾರವಾರದಿಂದ ಹೊನ್ನಾವರದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರೆಗೆ ಹಲವರು ತಮ್ಮ ತಮ್ಮ ಮಾತಿನಲ್ಲಿ ಬರೆದಿದ್ದಾರೆ. ಆದರೆ ವರ್ಣನೆಗಳನ್ನು ಹೊಂದಿಸಿ ನೋಡಿದರೆ ಬಹುಪಾಲು ಪತ್ರಗಳಲ್ಲಿ ಓಡಾಡುತ್ತಿರುವುದು ಒಂದೇ ಇರುವೆ. ಆದ್ದರಿಂದ ಈ ಸಲ ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಪೂರ್ತಿ ಜಾಗವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಕಾರವಾರದ ಕೋಡಿಬಾಗದಲ್ಲಿ ಚಿರೆಕಲ್ಲಿನ ಹಳೆಯ ಮನೆ. ಅಡುಗೆಮನೆಯ ಕಟ್ಟೆಯ ಮೇಲೆ ಅತಿ ಸಣ್ಣ ಇರುವೆಗಳು ಓಡಾಡುತ್ತವೆ. ಕನ್ನಡಕ ಹಾಕದೆ ನೋಡಿದರೆ ಕರಿ ಚುಕ್ಕಿಗಳು ಹರಿದಾಡಿದಂತೆ ಕಾಣುತ್ತದೆ. ಕಚ್ಚುವುದಿಲ್ಲ. ಕಳೆದ ತಿಂಗಳು ಕೀಟನಾಶಕ ಸಿಂಪಡಿಸುವವರನ್ನು ಕರೆಸಿ, ಹಣ ಕೊಟ್ಟು ಹೊಡೆಸಿದೆವು. ನಾಲ್ಕು ದಿನ ಒಂದೂ ಕಾಣಲಿಲ್ಲ. ಆಮೇಲೆ ನೋಡಿದರೆ ಅಡುಗೆಮನೆಯಲ್ಲಿ ಮಾತ್ರ ಇದ್ದದ್ದು ದೇವರ ಕೋಣೆಗೂ ಬಚ್ಚಲಿಗೂ ಬಂದಿದೆ. ಇದು ಯಾವ ಇರುವೆ? ಔಷಧ ಹೊಡೆದ ಮೇಲೆ ಹೆಚ್ಚಾದದ್ದು ಹೇಗೆ?

ಉತ್ತರ: ತಾವು ‘ಕರಿ ಚುಕ್ಕಿ’ ಎಂದು ಬರೆದಿದ್ದೀರಲ್ಲ, ಇದರ ಗುರುತು ಅದೇ. ಈ ಇರುವೆಯ ತಲೆ ಮತ್ತು ಎದೆಯ ಭಾಗ ಕಡುಗಂದು. ಹೊಟ್ಟೆ ಮತ್ತು ಕಾಲುಗಳು ಹಾಲುಬಿಳುಪು, ಬೆಳಕಿಗೆ ಹಿಡಿದರೆ ಒಳಗಿನದು ಕಾಣುವಷ್ಟು ತೆಳು. ತಿಳಿಬಣ್ಣದ ಟೈಲ್ಸ್ ಮೇಲೆ ನಡೆಯುವಾಗ ಹಿಂಭಾಗ ನೆಲದ ಬಣ್ಣದಲ್ಲಿ ಕರಗಿಹೋಗಿ ಮುಂಭಾಗವಷ್ಟೇ ಕಣ್ಣಿಗೆ ಬೀಳುತ್ತದೆ. ಉದ್ದ ಒಂದೂವರೆ ಮಿಲಿಮೀಟರ್ ಆಸುಪಾಸು, ಅಂದರೆ ಒಂದು ಸಾಸಿವೆ ಕಾಳಿನ ಅಗಲ. ಗೊದ್ದದಲ್ಲಿ ಇರುವಂತೆ ದೊಡ್ಡ ತಲೆಯವು, ಸಣ್ಣ ತಲೆಯವು ಎಂಬ ಭೇದ ಇವುಗಳಲ್ಲಿ ಇಲ್ಲ. ಕೆಲಸಗಾರ ಇರುವೆಗಳೆಲ್ಲ ಒಂದೇ ಅಳತೆ.

ವಿಜ್ಞಾನಿಗಳು ಇದನ್ನು ಟ್ಯಾಪಿನೋಮ ಮೆಲನೋಸೆಫಲಮ್ ಎನ್ನುತ್ತಾರೆ. ಎರಡನೆಯ ಪದಕ್ಕೆ ಗ್ರೀಕಿನಲ್ಲಿ ಕರಿತಲೆಯದು ಎಂದೇ ಅರ್ಥ. ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರೀಸಿಯಸ್ 1793ರಲ್ಲಿ ಈ ಹೆಸರಿಟ್ಟದ್ದು ನಮ್ಮ ದೇಶದ ಇರುವೆಯನ್ನು ನೋಡಿ ಅಲ್ಲ, ದಕ್ಷಿಣ ಅಮೆರಿಕದ ಕಯೆನ್ ಎಂಬ ಬಂದರು ಊರಿನಿಂದ ಬಂದ ಮಾದರಿಯನ್ನು ನೋಡಿ. ಹಡಗಿನ ಸರಕು, ಕುಂಡದ ಗಿಡ, ಹಣ್ಣಿನ ಪೆಟ್ಟಿಗೆ ಇವುಗಳ ಜೊತೆ ಊರೂರು ತಿರುಗಿದ ಈ ಪ್ರಾಣಿ ಇಂದು ಬಿಸಿಲು ನಾಡುಗಳಲ್ಲೆಲ್ಲ ಮನೆಮಾಡಿಕೊಂಡಿದೆ. ಹಿಮ ಬೀಳುವ ದೇಶಗಳಲ್ಲಿ ಕೂಡ ಬೆಚ್ಚಗಿನ ಗಾಜಿನ ಹಸಿರುಮನೆಗಳಲ್ಲಿ ಬದುಕುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಗೋಸ್ಟ್ ಆಂಟ್’ ಎಂಬ ಹೆಸರು ರೂಢಿಯಲ್ಲಿದೆ. ಭೂತದ ಇರುವೆ ಎಂದು ಕನ್ನಡಿಸಬಹುದಿತ್ತು. ಆದರೆ ಭೂತಪ್ಪನ ಕಟ್ಟೆಗೆ ಕಾಯಿ ಒಡೆದು ಕೈಮುಗಿಯುವ ನಮ್ಮ ಜಿಲ್ಲೆಯಲ್ಲಿ ಸಾಸಿವೆಯಷ್ಟು ಇರುವೆಗೆ ಆ ಹೆಸರು ಭಾರವಾದೀತು. ಈ ಅಂಕಣದ ಮಟ್ಟಿಗೆ ಇದನ್ನು ಕರಿತಲೆ ಇರುವೆ ಎನ್ನೋಣ.

ಅನುಮಾನವಿದ್ದರೆ ಒಂದನ್ನು ಬೆರಳ ತುದಿಯಲ್ಲಿ ಹೊಸಕಿ ಮೂಸಿ ನೋಡಿ. ಕಮಟು ಹಿಡಿದ ಕೊಬ್ಬರಿಯ ವಾಸನೆ ಬಂದರೆ ಅದು ಕರಿತಲೆ ಇರುವೆಯೇ. ತೆಂಗಿನಕಾಯಿ ಕೊಬ್ಬರಿಯಾಗುವುದನ್ನೂ ಕೊಬ್ಬರಿ ಕೆಡುವುದನ್ನೂ ಕಂಡು ಬೆಳೆದ ಕರಾವಳಿಯವರಿಗೆ ಈ ಪರೀಕ್ಷೆ ತಪ್ಪುವ ಸಂಭವ ಕಡಿಮೆ. ಇದಕ್ಕೆ ಚುಚ್ಚುವ ಕೊಂಡಿಯಿಲ್ಲ. ಆತ್ಮರಕ್ಷಣೆಗೆ ಇರುವುದು ಹೊಟ್ಟೆಯ ತುದಿಯ ಗ್ರಂಥಿಗಳಿಂದ ಒಸರುವ ಆ ವಾಸನೆಯ ದ್ರವ ಮಾತ್ರ. ಅಂಗಳದಲ್ಲಿ, ಜಗುಲಿಯಲ್ಲಿ ಉದ್ದ ಕಾಲುಗಳ ಮೇಲೆ ದಿಕ್ಕುದೆಸೆಯಿಲ್ಲದೆ ಓಡುವ ಕಪ್ಪು ಇರುವೆ ಬೇರೆ. ಅದರ ಮೈಯೆಲ್ಲ ಕಪ್ಪು, ಕುಡಿಮೀಸೆ ವಿಪರೀತ ಉದ್ದ.

ಈಗ ಔಷಧದ ವಿಷಯ. ಇರುವೆ ಗೂಡು ಎಂದೊಡನೆ ನೆಲದಲ್ಲಿ ಒಂದು ತೂತು, ಅದರ ತಳದಲ್ಲಿ ಒಬ್ಬಳೇ ರಾಣಿ ಎಂದು ನಾವು ಭಾವಿಸಿಕೊಳ್ಳುತ್ತೇವೆ. ಕರಿತಲೆ ಇರುವೆಯ ಸಂಸಾರ ಹಾಗಿಲ್ಲ. ಅದರಲ್ಲಿ ರಾಣಿಯರು ಅನೇಕರು. ಗೂಡೂ ಒಂದಲ್ಲ: ಗೋಡೆಯ ಬಿರುಕಿನಲ್ಲಿ ಒಂದು ಗುಂಪು, ಕಿಟಕಿ ಚೌಕಟ್ಟಿನ ಸಂದಿನಲ್ಲಿ ಇನ್ನೊಂದು, ತುಳಸಿ ಕುಂಡದ ಅಡಿಯಲ್ಲಿ ಮತ್ತೊಂದು, ಕೆಲವೊಮ್ಮೆ ಬಹುಕಾಲ ತೆರೆಯದ ಪುಸ್ತಕದ ಹಾಳೆಗಳ ನಡುವೆಯೂ ಒಂದು. ಪಾಲಾಗದ ಒಟ್ಟು ಕುಟುಂಬ, ಆದರೆ ಒಲೆಗಳು ಹಲವು ಎನ್ನಬಹುದು. ಒಂದು ಒಲೆಯವರು ಇನ್ನೊಂದು ಒಲೆಗೆ ಹೋದರೆ ಯಾರೂ ತಡೆಯುವುದಿಲ್ಲ, ಜಗಳವೂ ಇಲ್ಲ. ಜಾಗ ಸಾಲದೆ ಹೋದಾಗ, ಅಥವಾ ಇದ್ದಲ್ಲಿ ತೊಂದರೆಯಾದಾಗ, ಒಂದಿಷ್ಟು ಕೆಲಸಗಾರರು ಮರಿಗಳನ್ನು ಎತ್ತಿಕೊಂಡು, ಒಬ್ಬಿಬ್ಬರು ರಾಣಿಯರನ್ನು ಕರೆದುಕೊಂಡು ನಡೆದುಕೊಂಡೇ ಬೇರೆ ಸಂದಿಗೆ ಹೋಗಿ ನೆಲೆಸುತ್ತಾರೆ. ರೆಕ್ಕೆ ಬಂದು ಆಕಾಶಕ್ಕೆ ಹಾರಿ ಹೊಸ ಗೂಡು ಹುಡುಕುವ ದೊಡ್ಡ ಸಂಭ್ರಮ ಇವುಗಳಲ್ಲಿ ಅಪರೂಪ. ನಮ್ಮಲ್ಲಿ ಹಿಸೆಯಾಗುವಂತೆಯೇ ಇದು, ಹಿಸೆಯಾದ ಮೇಲೆಯೂ ಹೋಗಿಬರುವುದು ನಿಲ್ಲುವುದಿಲ್ಲ ಎಂಬಷ್ಟೇ ವ್ಯತ್ಯಾಸ.

ಸಿಂಪಡಿಸಿದ ಔಷಧಕ್ಕೆ ಬಲಿಯಾದದ್ದು ಆ ಹೊತ್ತಿಗೆ ಕಟ್ಟೆಯ ಮೇಲಿದ್ದ ಕೆಲಸಗಾರರು. ಆಹಾರ ಹುಡುಕಲು ಹೊರಬರುವುದು ಸಂಸಾರದ ಒಂದು ಪಾಲು ಮಾತ್ರ. ರಾಣಿಯರು, ಮರಿಹುಳುಗಳು, ಅವನ್ನು ನೋಡಿಕೊಳ್ಳುವವರು ಎಲ್ಲರೂ ಒಳಗೇ ಇರುತ್ತಾರೆ. ಮನೆಗೆ ಹೊಡೆಯುವ ಸಾಮಾನ್ಯ ಔಷಧಗಳು ಪೈರಿಥ್ರಾಯ್ಡ್ ಜಾತಿಯವು. ಅವುಗಳಲ್ಲಿ ಹಲವಕ್ಕೆ ಕೊಲ್ಲುವ ಗುಣದ ಜೊತೆಗೆ ಓಡಿಸುವ ಗುಣವೂ ಇದೆ. ಹೀಗಾಗಿ ಅಡುಗೆಮನೆಯ ಗೋಡೆಯೊಳಗೆ ಉಳಿದವರು ಹಿಸೆ ಮಾಡಿಕೊಂಡು ದೇವರ ಕೋಣೆಗೂ ಬಚ್ಚಲಿಗೂ ಹೊರಟಿದ್ದಾರೆ. ಚಿರೆಕಲ್ಲಿನಲ್ಲಿ ಹುಟ್ಟಿನಿಂದಲೇ ಸಣ್ಣ ಸಣ್ಣ ತೂತುಗಳಿರುತ್ತವೆ. ಮೇಲೆ ಗಿಲಾಯಿ ಮಾಡಿದ್ದರೂ ಹಳೆಯ ಗೋಡೆಯಲ್ಲಿ ಅದು ಅಲ್ಲಲ್ಲಿ ಬಿಟ್ಟುಕೊಂಡಿರುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಕಾರವಾರದಲ್ಲಿ ಆ ಗೋಡೆ ನಾಲ್ಕು ತಿಂಗಳು ತೇವ ಹಿಡಿದೇ ಇರುತ್ತದೆ. ತೇವ, ಕತ್ತಲೆ, ಒಂದೂವರೆ ಮಿಲಿಮೀಟರಿನ ಸಂದು: ಕರಿತಲೆ ಇರುವೆಗೆ ಬೇಕಾದದ್ದು ಇವು ಮೂರೇ. ಇದಕ್ಕೆ ಏನು ಮಾಡಬೇಕೆಂಬುದನ್ನು ಕೊನೆಯಲ್ಲಿ ಬರೆದಿದ್ದೇನೆ.

ಪ್ರಶ್ನೆ: ಕುಮಟಾದ ನಮ್ಮ ಮನೆಯಲ್ಲಿ ಮುರುಗಲು ಹಣ್ಣಿನ ಸಿರಪ್ ಚೆಲ್ಲಿದ ಜಾಗದಲ್ಲಿ ಕೆಂಪು ಹೊಟ್ಟೆಯ ಸಣ್ಣ ಇರುವೆಗಳನ್ನು ಕಂಡೆ. ಮರುದಿನ ಅದೇ ಜಾಗದಲ್ಲಿ ಬಿಳಿ ಹೊಟ್ಟೆಯವು ಮಾತ್ರ ಇದ್ದವು. ಇರುವೆಗಳೂ ಓತಿಕ್ಯಾತದಂತೆ ಬಣ್ಣ ಬದಲಿಸುತ್ತವೆಯೇ?

ಉತ್ತರ: ಬಂದ ಪ್ರಶ್ನೆಗಳಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು ಇದು. ಬಣ್ಣ ಇರುವೆಯದಲ್ಲ, ಸಿರಪ್ಪಿನದು.

ಪತ್ರ ಓದಿದ ಸಂಜೆಯೇ ನಾನೂ ಒಂದು ಸ್ಟೀಲ್ ತಟ್ಟೆಯ ಮೇಲೆ ಮುರುಗಲು ಸಿರಪ್ಪಿನ ಒಂದು ಹನಿ ಇಟ್ಟು, ಭೂತಗನ್ನಡಿ ಹಿಡಿದು ಕುಳಿತೆ. ಮೊದಲು ಒಂದೇ ಇರುವೆ ಬಂತು. ಹನಿಯ ಅಂಚನ್ನು ಕುಡಿಮೀಸೆಯಿಂದ ಎರಡು ಸಲ ಮುಟ್ಟಿ, ಬಾಯಿಟ್ಟು, ಕದಲದೆ ನಿಂತಿತು. ನೋಡುತ್ತಿದ್ದಂತೆ ಹೊಟ್ಟೆ ಉಬ್ಬತೊಡಗಿತು. ಹೊಟ್ಟೆಯ ಮೇಲೆ ಇರುವ ಗಟ್ಟಿ ಪಟ್ಟಿಗಳು ಒಂದರಿಂದ ಒಂದು ದೂರ ಸರಿದು, ನಡುವಿನ ತೆಳುಪೊರೆ ಬಿಗಿಯಾಗಿ, ಅದರೊಳಗಿಂದ ತಿಳಿಗೆಂಪು ಹೊಳೆಯಿತು. ಕುಡಿದು ಮುಗಿಸಿ ಹೊರಟ ಇರುವೆ ಓಡಲಿಲ್ಲ. ತುಂಬಿದ ಕೊಡ ಹೊತ್ತವರ ಹಾಗೆ ನಿಧಾನ ನಡೆಯುತ್ತ, ಹೊಟ್ಟೆಯನ್ನು ನೆಲಕ್ಕೆ ಸೋಕಿಸುತ್ತ ಹೋಯಿತು. ಕಾಲು ಗಂಟೆಯೊಳಗೆ ಹನಿಯ ಸುತ್ತ ಪಂಕ್ತಿಯೇ ಕೂತಿತ್ತು, ಎಲ್ಲವೂ ತಲೆ ಒಳಗೆ, ಹೊಟ್ಟೆ ಹೊರಗೆ. ದಾರಿಯಲ್ಲಿ ಹಿಂತಿರುಗುತ್ತಿದ್ದ ಒಂದು ಕೆಂಪು ಹೊಟ್ಟೆಯ ಇರುವೆಯನ್ನು ಎದುರಾದ ಬಿಳಿ ಹೊಟ್ಟೆಯದು ತಡೆದು, ಕುಡಿಮೀಸೆಯಿಂದ ಅದರ ಮುಖವನ್ನು ಪಟಪಟನೆ ತಟ್ಟಿತು. ಎರಡೂ ಬಾಯಿಗೆ ಬಾಯಿ ಕೊಟ್ಟು ನಿಂತವು. ಬಿಟ್ಟಾಗ ಎರಡನೆಯದರ ಹೊಟ್ಟೆಯಲ್ಲೂ ಕೆಂಪಿನ ಒಂದು ಛಾಯೆ.

ಇರುವೆಯ ಹೊಟ್ಟೆಯಲ್ಲಿ ಆಹಾರಕ್ಕೆ ಎರಡು ಚೀಲಗಳಿವೆ. ಹಿಂದಿನದು ಅದರ ಸ್ವಂತದ ಜೀರ್ಣಕ್ಕೆ, ಮುಂದಿನದು ಹಂಚುವುದಕ್ಕೆ. ಕುಡಿದ ದ್ರವದ ಬಹುಭಾಗ ಮುಂದಿನ ಚೀಲದಲ್ಲೇ ನಿಂತು, ಗೂಡಿಗೆ ಹೋದ ಮೇಲೆ ಬಾಯಿಂದ ಬಾಯಿಗೆ ದಾಟುತ್ತ ರಾಣಿಯರನ್ನೂ ಮರಿಗಳನ್ನೂ ಮುಟ್ಟುತ್ತದೆ. ಬೆಳೆದ ಇರುವೆ ಗಟ್ಟಿ ಪದಾರ್ಥವನ್ನು ನುಂಗಲಾರದು; ಆ ಸಪೂರ ಸೊಂಟದಲ್ಲಿ ದಾಟಬಲ್ಲದ್ದು ದ್ರವ ಮಾತ್ರ. ಸತ್ತ ಹುಳುವಿನ ತುಂಡನ್ನೋ ಒಣಮೀನಿನ ಪುಡಿಯನ್ನೋ ಹೊತ್ತೊಯ್ದರೆ ಅದು ಮರಿಹುಳುಗಳ ಪಾಲು. ತಾವು ಕಂಡ ಕೆಂಪು ಹೊಟ್ಟೆಗಳು ರಾತ್ರಿಯೊಳಗೆ ಹೀಗೆ ಹಂಚಿಹೋಗಿ ಬೆಳಗ್ಗೆ ಬಿಳಿಯಾದವು. ಕಪ್ಪು ಹೊಟ್ಟೆಯ ಇರುವೆಯಲ್ಲಿಯೂ ಇದೇ ನಡೆಯುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಸಕ್ಕರೆ ನೀರಿಗೆ ಅಡುಗೆಯ ಬಣ್ಣಗಳನ್ನು ಬೇರೆಬೇರೆಯಾಗಿ ಬೆರೆಸಿ ನಾಲ್ಕು ಹನಿ ಇಟ್ಟು ನೋಡಿ. ಹಸಿರು ಹನಿಯಿಂದ ನೀಲಿ ಹನಿಗೆ ಹೋದ ಇರುವೆಯಲ್ಲಿ ಎರಡರ ಮಿಶ್ರಣವೂ ಕಾಣಸಿಗುತ್ತದೆ.

ಪ್ರಶ್ನೆ: ಅಂಕೋಲಾದ ನಮ್ಮ ಅಂಗಳದಲ್ಲಿ ದಾಸವಾಳದ ಗಿಡಕ್ಕೆ ಬಿಳಿ ಹಿಟ್ಟಿನಂಥ ಕೀಟ ಹತ್ತಿದೆ. ಅದನ್ನು ತಿನ್ನಲು ಇರುವೆಗಳು ಸಾಲುಗಟ್ಟಿ ಬರುತ್ತಿವೆ. ಇರುವೆಗಳನ್ನು ಹಾಗೆಯೇ ಬಿಟ್ಟರೆ ಕೀಟ ಕಡಿಮೆಯಾಗುತ್ತದೆಯೇ?

ಉತ್ತರ: ಅವು ತಿನ್ನಲು ಬಂದದ್ದಲ್ಲ, ಕರೆಯಲು ಬಂದದ್ದು. ಹಿಟ್ಟು ತಿಗಣೆ ಗಿಡದ ರಸವನ್ನು ಹೀರಿ, ತನಗೆ ಹೆಚ್ಚಾದ ಸಿಹಿಯನ್ನು ಹಿಂದಿನಿಂದ ಹನಿಹನಿಯಾಗಿ ಹೊರಹಾಕುತ್ತದೆ. ಹಾಲು ಕೊಡುವ ದನವನ್ನು ಯಾರು ಹೊಡೆಯುತ್ತಾರೆ? ಇರುವೆಗಳು ಆ ಸಿಹಿಗಾಗಿ ತಿಗಣೆಗಳ ಕಾವಲು ನಿಂತು, ಅವನ್ನು ತಿನ್ನಲು ಬರುವ ಗುಲಗಂಜಿ ಹುಳುಗಳಿಗೂ ಪರಾವಲಂಬಿ ಕಣಜಗಳಿಗೂ ಅಡ್ಡಿ ಮಾಡುತ್ತವೆ. ಸಸ್ಯಹೇನು, ಶಲ್ಕಕೀಟಗಳಿಂದಲೂ ಇವು ಇದೇ ಸಿಹಿಯನ್ನು ಪಡೆಯುತ್ತವೆ. ಆದ್ದರಿಂದ ತಿಗಣೆ ಹತ್ತಿದ ಟೊಂಗೆಗಳನ್ನು ಕತ್ತರಿಸಿ ಸುಟ್ಟುಬಿಡಿ. ಉಳಿದ ಕಡೆ ಸೋಪಿನ ನೀರನ್ನು ಎಲೆಯ ಅಡಿಭಾಗಕ್ಕೆ ತಾಗುವಂತೆ ಜೋರಾಗಿ ಎರಚಿ. ಗಿಡದ ಕೊಂಬೆ ಗೋಡೆಗೋ ಕಿಟಕಿಗೋ ತಾಗುತ್ತಿದ್ದರೆ ಅದನ್ನೂ ಸವರಿಬಿಡಬೇಕು, ಏಕೆಂದರೆ ಕರಿತಲೆ ಇರುವೆಗೆ ಅದೇ ಸಂಕ. ಅನೇಕ ಮನೆಗಳಲ್ಲಿ ಅಡುಗೆಮನೆಯ ಇರುವೆಯ ಮೂಲವನ್ನು ಹುಡುಕುತ್ತ ಹೋದರೆ ಸಿಗುವುದು ಕಿಟಕಿಯಾಚೆಯ ಇಂಥದೊಂದು ಗಿಡ.

ನ್ಯಾಯವಾಗಿ ಹೇಳಬೇಕೆಂದರೆ ಈ ಇರುವೆ ಗಿಡಗಳ ಮೇಲೆ ಸಣ್ಣ ಹುಳುಗಳನ್ನೂ ನುಸಿಗಳನ್ನೂ ಬೇಟೆಯಾಡುವುದೂ ಉಂಟು. ದಾಸವಾಳದ ಮಟ್ಟಿಗೆ ಮಾತ್ರ ಲೆಕ್ಕ ನಷ್ಟದ ಕಡೆಗೇ ವಾಲುತ್ತದೆ.

ಪ್ರಶ್ನೆ: ಇರುವೆ ಮೊಟ್ಟೆ ಹೊತ್ತು ಹೊರಟರೆ ಮಳೆ ಬರುತ್ತದೆ ಎಂದು ಶಿರಸಿ ಕಡೆ ಹಿರಿಯರು ಹೇಳುತ್ತಾರೆ. ನಿಜವೇ?

ಉತ್ತರ: ಮೊದಲು ಒಂದು ತಿದ್ದುಪಡಿ. ಅವು ಹೊತ್ತೊಯ್ಯುವ ಅಕ್ಕಿ ನುಚ್ಚಿನಂಥ ಬಿಳಿ ವಸ್ತು ಸಾಮಾನ್ಯವಾಗಿ ಮೊಟ್ಟೆಯಲ್ಲ, ಮರಿಹುಳು ಅಥವಾ ಅದರ ಮುಂದಿನ ಹಂತವಾದ ಪ್ಯೂಪಾ. ಮೊಟ್ಟೆ ಇನ್ನೂ ಎಷ್ಟೋ ಚಿಕ್ಕದು; ಕರಿತಲೆ ಇರುವೆಯದಂತೂ ಬರಿಗಣ್ಣಿಗೆ ಧೂಳಿನ ಕಣದಂತೆ. ಗೊದ್ದದ ಪ್ಯೂಪಾಕ್ಕೆ ರೇಷ್ಮೆಯ ಗವಸು ಇರುತ್ತದೆ, ಆದ್ದರಿಂದಲೇ ಅದು ಮೊಟ್ಟೆಯಂತೆ ಕಾಣುತ್ತದೆ. ಕರಿತಲೆಯದಕ್ಕೆ ಗವಸಿಲ್ಲ, ಭೂತಗನ್ನಡಿಯಲ್ಲಿ ನೋಡಿದರೆ ಕಾಲು, ಕುಡಿಮೀಸೆಗಳನ್ನು ಮಡಿಸಿಕೊಂಡು ಮಲಗಿದ ಬಿಳಿ ಇರುವೆಯೇ ಕಾಣುತ್ತದೆ.

ನೆಲದಲ್ಲಿ ಗೂಡು ಮಾಡುವ ಇರುವೆಗಳು ನೀರು ನುಗ್ಗಿದಾಗ ಮರಿಗಳನ್ನು ಎತ್ತರಕ್ಕೆ ಸಾಗಿಸುವುದು ನಿಜ. ಕರಿತಲೆ ಇರುವೆಯನ್ನು ಮಾತ್ರ ನಂಬಬೇಡಿ. ಕುಂಡಕ್ಕೆ ಒಂದು ಚೊಂಬು ನೀರು ಹೆಚ್ಚು ಹಾಕಿದರೂ, ಕಪಾಟನ್ನು ಅತ್ತಿತ್ತ ಸರಿಸಿದರೂ, ಜನವರಿಯ ಒಣ ಮಧ್ಯಾಹ್ನದಲ್ಲೂ ಅದು ಸಂಸಾರ ಸಮೇತ ಹೊರಡುತ್ತದೆ. ಇನ್ನು ಆರಿದ್ರಾ ಮಳೆಯ ಹೊತ್ತಿಗೆ ಶಿರಸಿಯಲ್ಲಿ ಯಾವ ಪ್ರಾಣಿ ಏನು ಹೊತ್ತು ಹೊರಟರೂ ಸಂಜೆಗೆ ಮಳೆ ಬಂದೇ ಬರುತ್ತದೆ.

ಪ್ರಶ್ನೆ: ಹೊನ್ನಾವರದ ನಮ್ಮ ಮನೆಯಲ್ಲಿ ಸ್ವಿಚ್‌ಬೋರ್ಡಿನೊಳಗೆ ಹಳದಿ ಬಣ್ಣದ ಸಣ್ಣ ಇರುವೆಗಳಿವೆ. ವೈರಿನ ಹೊದಿಕೆಯನ್ನು ಕಡಿದಿವೆ ಎಂದು ಎಲೆಕ್ಟ್ರಿಷಿಯನ್ ತೋರಿಸಿದರು. ಇದೂ ಅದೇ ಇರುವೆಯೇ?

ಉತ್ತರ: ಅಲ್ಲ. ಕರಿತಲೆ ಇರುವೆ ಸ್ವಿಚ್‌ಬೋರ್ಡಿನಲ್ಲಿ ಬೆಚ್ಚಗೆ ಮಲಗಬಹುದು, ವೈರನ್ನು ಕಡಿಯುವ ಖ್ಯಾತಿ ಅದಕ್ಕಿಲ್ಲ. ತಮ್ಮ ಮನೆಯದು ಟ್ರೈಕೋಮಿರ್ಮೆಕ್ಸ್ ಡಿಸ್ಟ್ರಕ್ಟರ್ ಇರಬೇಕು: ಮೈ ಹಳದಿಮಿಶ್ರಿತ ಕಂದು, ಹೊಟ್ಟೆಯ ಹಿಂಭಾಗ ಕಪ್ಪುಗಂದು, ಒಂದೇ ಸಾಲಿನಲ್ಲಿ ಚಿಕ್ಕವೂ ದೊಡ್ಡವೂ ಇರುತ್ತವೆ, ನಡಿಗೆ ನಿಧಾನ. ಮದ್ರಾಸ್ ಪ್ರಾಂತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಜೆರ್ಡನ್ ದಕ್ಷಿಣ ಭಾರತದ ಇರುವೆಗಳನ್ನು ವಿವರಿಸುತ್ತ 1851ರಲ್ಲಿ ಇದಕ್ಕೆ ‘ಹಾಳುಮಾಡುವುದು’ ಎಂಬ ಅರ್ಥದ ಹೆಸರಿಟ್ಟ. (ಆಗ ನಮ್ಮ ಜಿಲ್ಲೆಯೂ ಮದ್ರಾಸಿನ ಆಡಳಿತದಲ್ಲೇ ಇತ್ತು; ಮುಂಬಯಿಗೆ ಸೇರಿದ್ದು 1862ರಲ್ಲಿ.) ವಿದ್ಯುತ್ ವೈರು ಇನ್ನೂ ಮನೆಗಳಿಗೆ ಬಾರದ ಕಾಲದಲ್ಲೇ ಅಂಥ ಹೆಸರು ಗಳಿಸಿದ ಇರುವೆ ಇದು. ಬಟ್ಟೆಯನ್ನೂ ಕಡಿಯುತ್ತದೆ.

ಪೂರ್ತಿ ತಿಳಿಹಳದಿಯಾಗಿ, ಎಲ್ಲವೂ ಎರಡು ಮಿಲಿಮೀಟರಿನ ಒಂದೇ ಅಳತೆಯವಾಗಿದ್ದರೆ ಅದು ಮೂರನೆಯದು, ಫೇರೋ ಇರುವೆ. ಲಿನೇಯಸ್ 1758ರಲ್ಲಿ ಹೆಸರಿಸಿದ ಇದು ಆಸ್ಪತ್ರೆಗಳಲ್ಲಿ ಗಾಯದ ಬ್ಯಾಂಡೇಜಿನೊಳಗೂ ನುಗ್ಗಿದ ಉದಾಹರಣೆಗಳಿವೆ. ಭೂತಗನ್ನಡಿ ಇದ್ದರೆ ಸೊಂಟವನ್ನು ನೋಡಿ: ಈ ಎರಡು ಇರುವೆಗಳಲ್ಲಿ ಎದೆಗೂ ಹೊಟ್ಟೆಗೂ ನಡುವೆ ಎರಡು ಗಂಟುಗಳು ಸ್ಪಷ್ಟವಾಗಿ ಕಾಣುತ್ತವೆ. ಕರಿತಲೆಯಲ್ಲಿ ಇರುವ ಒಂದು ಗಂಟೂ ಚಪ್ಪಟೆಯಾಗಿ ಹೊಟ್ಟೆಯ ಕೆಳಗೆ ಅಡಗಿರುತ್ತದೆ. ಸ್ವಿಚ್‌ಬೋರ್ಡಿನ ಕೆಲಸವನ್ನು ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಒಳಗೆ ಯಾವ ದ್ರವವನ್ನೂ ಸಿಂಪಡಿಸಬೇಡಿ.

ಪ್ರಶ್ನೆ: ಚಹಾದಲ್ಲಿ, ಪಾಯಸದಲ್ಲಿ ಬಿದ್ದ ಇರುವೆಯನ್ನು ತಿಂದರೆ ಕಣ್ಣು ಚುರುಕಾಗುತ್ತದೆ ಎಂದು ನಮ್ಮ ಆಯಿ ಹೇಳುತ್ತಿದ್ದರು. (ಸಿದ್ದಾಪುರದ ಓದುಗರು)

ಉತ್ತರ: ನಮ್ಮ ಆಯಿಯೂ ಹೇಳುತ್ತಿದ್ದರು. ಪಾಯಸ ಚೆಲ್ಲಬಾರದೆಂಬ ಕಾಳಜಿ ಆ ಮಾತಿನಲ್ಲಿದೆ, ಕಣ್ಣಿಗೆ ಅದರಿಂದ ಏನೂ ಆಗುವುದಿಲ್ಲ. ಕರಿತಲೆ ಇರುವೆಯಲ್ಲಿ ವಿಷವಿಲ್ಲ. ಆದರೆ ಬಚ್ಚಲ ಮೋರಿಯಲ್ಲಿ ನಡೆದ ಕಾಲಲ್ಲೇ ಅದು ಪಾಯಸಕ್ಕೂ ಬರುವುದರಿಂದ, ತೆಗೆದುಹಾಕಿ ಬಿಸಿ ಮಾಡಿ ಕುಡಿಯುವುದು ಒಳ್ಳೆಯದು.

ಪ್ರಶ್ನೆ: ಸಿಂಪಡಿಸಬಾರದೆಂದರೆ ಈ ಇರುವೆಗೆ ಮತ್ತೇನು ಮಾಡಬೇಕು? ಅರಿಶಿನದ ಗೆರೆ ಎಳೆದು ನೋಡಿದ್ದಾಯಿತು. (ಭಟ್ಕಳ, ಕಾರವಾರ, ಶಿರಸಿಯ ಹಲವರು)

ಉತ್ತರ: ಅರಿಶಿನದ ಪುಡಿಯನ್ನು ದಾಟಲು ಇರುವೆ ಹಿಂಜರಿಯುತ್ತದೆ, ಆದರೆ ಗೆರೆಯ ಕೊನೆ ಎಲ್ಲಿದೆಯೆಂದು ಹುಡುಕಿ ಸುತ್ತಿಕೊಂಡು ಬರುತ್ತದೆ. ಮಳೆಗಾಲದಲ್ಲಿ ಪುಡಿ ತೇವ ಹಿಡಿದು ಕೂತರೆ ಆ ಹಿಂಜರಿಕೆಯೂ ಇಲ್ಲ.

ಮೊದಲ ಕೆಲಸ ದಾರಿಯನ್ನು ಅಳಿಸುವುದು. ಆಹಾರ ಕಂಡು ಹಿಂತಿರುಗುವ ಇರುವೆ ಹೊಟ್ಟೆಯಿಂದ ನೆಲಕ್ಕೆ ವಾಸನೆಯ ಗೆರೆ ಎಳೆಯುತ್ತ ಹೋಗುತ್ತದೆ. ಉಳಿದವು ಬರುವುದು ಅದನ್ನು ಹಿಡಿದು. ಬರಿ ಒದ್ದೆ ಬಟ್ಟೆಗೆ ಅದು ಪೂರ್ತಿ ಹೋಗದು, ಸೋಪಿನ ನೀರಲ್ಲಿ ಒರೆಸಬೇಕು. ಆದರೆ ಒರೆಸುವ ಮೊದಲು ಸಾಲು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಐದು ನಿಮಿಷ ಕೂತು ನೋಡಿಕೊಳ್ಳಿ. ಬಹಳ ಜನ ಈ ಐದು ನಿಮಿಷವನ್ನು ಉಳಿಸಲು ಹೋಗಿ ತಿಂಗಳುಗಟ್ಟಲೆ ಒರೆಸುತ್ತಾರೆ. ಸಿಂಕಿನ ಕೆಳಗೆ ನೀರು ಜಿನುಗುವ ಕಡೆ ಸರಿಮಾಡಿಸಿ, ಕಿಟಕಿ ಚೌಕಟ್ಟಿನ ಸಂದುಗಳಿಗೆ ಪುಟ್ಟಿ ತುಂಬಿ. ಆದರೆ ಪುಟ್ಟಿಯ ಕೆಲಸ ಕೊನೆಗಿರಲಿ, ಏಕೆಂದರೆ ಮುಂದೆ ಹೇಳುವ ಉಪಾಯಕ್ಕೆ ಅವುಗಳ ದಾರಿ ತೆರೆದಿರಬೇಕು.

ಕುಮಟಾದ ಪ್ರಶ್ನೆಗೆ ಕೊಟ್ಟ ಉತ್ತರದಲ್ಲೇ ಉಪಾಯವೂ ಇದೆ. ಇರುವೆ ತಾನು ಕುಡಿದದ್ದನ್ನು ಮನೆಮಂದಿಗೆಲ್ಲ ಹಂಚುತ್ತದೆ ಎಂದಾದ ಮೇಲೆ, ನಾವು ಹೋಗಿ ಮುಟ್ಟಲಾಗದ ರಾಣಿಯನ್ನು ಅದರ ಕೈಯಿಂದಲೇ ಮುಟ್ಟಬಹುದು. 100 ಮಿಲಿಲೀಟರ್ ಬೆಚ್ಚಗಿನ ನೀರಿನಲ್ಲಿ 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಆಸಿಡ್ ಪುಡಿ ಕರಗಿಸಿ. ಹತ್ತಿಯ ಉಂಡೆಗಳನ್ನು ಅದರಲ್ಲಿ ಅದ್ದಿ, ಬಾಟಲಿಯ ಮುಚ್ಚಳಗಳಲ್ಲಿಟ್ಟು, ಸಾಲು ಹೊರಡುವ ಸಂದಿನ ಹತ್ತಿರ ಇಡಿ. ಬೇಗ ಸಾಯಲಿ ಎಂದು ಪುಡಿಯನ್ನು ಹೆಚ್ಚು ಹಾಕಬೇಡಿ. ಇರುವೆ ದಾರಿಯಲ್ಲೇ ಸತ್ತರೆ ಹಂಚುವವರು ಯಾರು? ಶೇಕಡ 1ರ ದ್ರಾವಣ ಕುಡಿದ ಇರುವೆ ಕೆಲವು ದಿನ ಬದುಕಿದ್ದು, ಗೂಡಿಗೆ ಹೋಗಿ ಬಂದು ಮಾಡುತ್ತದೆ. ನಮಗೆ ಬೇಕಾದದ್ದೂ ಅದೇ. ಮೊದಲ ದಿನ ಸಾಲು ದಟ್ಟವಾಗುತ್ತದೆ, ಅದನ್ನು ಕಂಡು ಗಾಬರಿಯಾಗಿ ಒರೆಸಬೇಡಿ, ಸ್ಪ್ರೇ ಹೊಡೆಯಬೇಡಿ. ಎರಡು ದಿನಕ್ಕೊಮ್ಮೆ ಹೊಸ ದ್ರಾವಣ ಇಡಿ, ಇಲ್ಲದಿದ್ದರೆ ನಮ್ಮ ಸೆಕೆಗೆ ಹುಳಿಬಂದು ಇರುವೆ ಮೂಸುವುದಿಲ್ಲ. ಅಷ್ಟು ದಿನವೂ ಸಕ್ಕರೆ, ಬೆಲ್ಲ, ಹಣ್ಣು ಎಲ್ಲವೂ ಮುಚ್ಚಿರಬೇಕು. ನಮ್ಮ ಮನೆಯಲ್ಲಿ ಸಾಲು ಪೂರ್ತಿ ನಿಂತದ್ದು ಮೂರನೆಯ ವಾರದಲ್ಲಿ. ಗೂಡು ಹಲವು ಇರುವುದರಿಂದ ಒಮ್ಮೆ ನಿಂತು ಮತ್ತೆ ಶುರುವಾದರೆ ಅದು ಹೊಸ ಸಂದಿಯ ಸಾಲು ಎಂದು ತಿಳಿದು ಮುಚ್ಚಳವನ್ನು ಅಲ್ಲಿಗೆ ಸರಿಸಿ.

ಬೋರಿಕ್ ಪುಡಿ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಕೇರಂ ಬೋರ್ಡಿಗೆ ಉದುರಿಸುವ ಪುಡಿಯೂ ಅನೇಕ ಸಲ ಇದೇ ಆಗಿರುತ್ತದೆ, ಚೀಟಿ ಓದಿ ನೋಡಿ. ಮನುಷ್ಯರಿಗೂ ಇದು ಹೊಟ್ಟೆಗೆ ಹೋಗಬಾರದ ವಸ್ತು. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಮುಚ್ಚಳಗಳು ಅವರ ಕೈಗೆ ಬಾಯಿಗೆ ಸಿಗದ ಎತ್ತರದಲ್ಲೋ ಕಪಾಟಿನ ಹಿಂದೆಯೋ ಇರಬೇಕು. ಉಳಿದ ದ್ರಾವಣದ ಬಾಟಲಿಯ ಮೇಲೆ ಹೆಸರು ಬರೆದು ಅಡುಗೆ ಸಾಮಾನಿನಿಂದ ದೂರ ಇಡಬೇಕು. ಅಪ್ಪಿತಪ್ಪಿ ಮಗು ಕುಡಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಪ್ರಶ್ನೆ: ಜೋನಿ ಬೆಲ್ಲದ ಡಬ್ಬವನ್ನು ನೀರಿನ ತಟ್ಟೆಯ ನಡುವೆ ಇಟ್ಟರೂ ಈ ಇರುವೆ ಹತ್ತುತ್ತದೆ. ಈಜುತ್ತದೆಯೇ? (ಯಲ್ಲಾಪುರ)

ಉತ್ತರ: ನಡೆಯುತ್ತದೆ. ಒಂದೆರಡು ದಿನ ನಿಂತ ನೀರಿನ ಮೇಲೆ ಒಲೆಯ ಬೂದಿ, ಧೂಳು, ಎಣ್ಣೆಯ ಜಿಡ್ಡು ಸೇರಿ ಕೆನೆಯಂಥ ಪದರ ಕಟ್ಟುತ್ತದೆ. ಇಷ್ಟು ಹಗುರ ಇರುವೆಯನ್ನು ಹೊರಲು ಆ ಪದರ ಸಾಕು. ನೀರನ್ನು ದಿನಾ ಬದಲಿಸಿ, ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಬೆರೆಸಿ; ಸೋಪು ಬಿದ್ದ ನೀರಿನ ಮೇಲ್ಮೈ ಇರುವೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ಜೊತೆಗೆ ಡಬ್ಬದ ಹಿಡಿಕೆಯೋ ಅದರ ಮೇಲೆ ಹೊದಿಸಿದ ಬಟ್ಟೆಯ ತುದಿಯೋ ಗೋಡೆಗೆ ತಾಗಿದೆಯೇ ನೋಡಿ. ಹಾಗೆ ತಾಗಿದ್ದರೆ ಇರುವೆ ನೀರಿನ ಹತ್ತಿರವೇ ಬಂದಿರಲಿಕ್ಕಿಲ್ಲ.